ಹಿಂದಿನವನ ಮೊಣಕಾಲು

"ಗುರುಗಳೇ, ಹೆಚ್ಚಿನ ಒತ್ತು ಮೊದಲ ಪದಕ್ಕೇ ಬೀಳುವಾಗ ಎರಡನೆಯದನ್ನು ನುಂಗಿಬಿಟ್ಟರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಅವನು ಗುರುಗಳಿಂದ ನಾರ್ವೆಯ ಭಾಷೆ ಕಲಿಯುತ್ತಿದ್ದ. ಆ ಭಾಷೆಯಲ್ಲಿ ‘ಸೂಲ್’ ಎಂದರೆ ಸೂರ್ಯ, ‘ಶಿನ್’ ಎಂದರೆ ಹೊಳಪು. ಎರಡೂ ಕೂಡಿ ‘ಸೂಲ್‌ಶಿನ್’ ಆದರೆ ಬಿಸಿಲು. ಪದವನ್ನು ಬಿಡಿಸುವಾಗ ಎರಡೂ ಕೂಡಿದ ಕಡೆಯಲ್ಲೇ ಬಿಡಿಸಬೇಕು. ಹೇಳುವಾಗ ಮೊದಲನೆಯದಕ್ಕೆ ಹೆಚ್ಚು ಒತ್ತು, ಎರಡನೆಯದಕ್ಕೆ ಕಡಿಮೆ. ಶಿಷ್ಯ ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ಬಾಯೊಳಗೇ ಬಿಟ್ಟಿದ್ದ.

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಮೇಲಿನ ಒಂದು ಊರಿಗೆ ಗಾಡಿದಾರಿ ಇರಲಿಲ್ಲ. ಕಾಯಿಲೆಯವರನ್ನು ಬಿದಿರಿಗೆ ಕಟ್ಟಿದ ಜೋಲಿಯಲ್ಲಿ ಮಲಗಿಸಿ, ಇಬ್ಬರು ಹೊತ್ತು, ಕೆಳಗಿನ ಆಸ್ಪತ್ರೆಗೆ ಇಳಿಸುತ್ತಿದ್ದರು. ಇಳಿಜಾರಿನಲ್ಲಿ ಭಾರ ಹೆಚ್ಚಾಗಿ ಮುಂದಿನವನ ಹೆಗಲಿಗೇ ಬೀಳುತ್ತದೆ. ಹಿಂದಿನವನಿಗೆ ಜೋಲಿ ಅಡ್ಡವಾಗಿ ದಾರಿ ಕಾಣುವುದಿಲ್ಲ. ಅದಕ್ಕೇ ಮುಂದಿನವನು "ಕಲ್ಲು", "ತಗ್ಗು" ಎಂದು ಕೂಗುತ್ತ ನಡೆಯುವುದು ವಾಡಿಕೆ.

ಊರವರು ಮುಂದಿನವನನ್ನೇ ಹೊಗಳುತ್ತಿದ್ದರು. ಕೇಳಿ ಕೇಳಿ ಅವನಿಗೂ ಹಾಗೆಯೇ ಅನ್ನಿಸತೊಡಗಿತು. ಹೊರುವವನು ತಾನು, ಹಿಂದೆ ಬರುವವನು ಬಿದಿರಿನ ತುದಿ ಹಿಡಿದುಕೊಂಡವನು, ಅಷ್ಟೆ.

ಒಂದು ದಿನ ಹೆರಿಗೆ ನೋವಿನ ಹೆಂಗಸನ್ನು ಹೊತ್ತು ಇಳಿಯುತ್ತಿದ್ದರು. ಮುಂದಿನವನು ಒಂದು ತಗ್ಗನ್ನು ತಾನು ದಾಟಿದ, ಕೂಗಲಿಲ್ಲ. ಬಿದಿರು ಒಮ್ಮೆ ಜಗ್ಗಿತು.

"ಏನೋ, ನಡೀತಾ ನಡೀತಾ ನಿದ್ದೆ ಹೋದೆಯಾ? ನಿನ್ನನ್ನೂ ಜೋಲಿಗೆ ಹಾಕ್ಕೊಳ್ಳಲೇನು?" ಎಂದು ತಿರುಗಿ ನೋಡದೆಯೇ ಗದರಿದ.

"ಏನಿಲ್ಲಣ್ಣ, ನಡಿ. ಅಕ್ಕಂಗೆ ತಡ ಆಗ್ತದೆ."

ಆಸ್ಪತ್ರೆಯ ಬಾಗಿಲಲ್ಲಿ ಜೋಲಿ ಇಳಿಸಿದರು. ಹೆಂಗಸನ್ನು ಒಳಗೆ ಕರೆದೊಯ್ದರು. ಅಲ್ಲೇ ಕಾದಿದ್ದ ಅವಳ ತಾಯಿ ಮುಂದಿನವನಿಗೆ ಚೊಂಬಿನಲ್ಲಿ ನೀರು ಕೊಟ್ಟು, "ನಿನ್ನಿಂದ ನನ್ನ ಮಗಳು ಬಂದು ತಲುಪಿದಳಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. ಅವನು ನೀರು ಕುಡಿದು, ಉಳಿದದ್ದನ್ನು ಕೊಡಲೆಂದು ಹಿಂದಕ್ಕೆ ತಿರುಗಿದ.

ಹಿಂದಿನವನ ಎರಡೂ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ರಕ್ತ ಪಾದಕ್ಕಿಳಿದು ಒಣಗಿತ್ತು. ತಗ್ಗಿನಲ್ಲಿ ಅವನು ಮಂಡಿಯೂರಿ ಬಿದ್ದಿದ್ದ. ಬಿದಿರನ್ನು ಮಾತ್ರ ಹೆಗಲಿನಿಂದ ಇಳಿಸಿರಲಿಲ್ಲ.

"ಬಿದ್ದಾಗ ಒಂದು ಮಾತು ಕೂಗಬಾರದಿತ್ತೇನೋ?"

"ಕೂಗಿದ್ರೆ ಅಕ್ಕ ಹೆದರ್ತಿದ್ದಳು. ತಗ್ಗು ಬಂದ್ರೆ ನೀನು ಕೂಗ್ತೀಯ ಅಂತ ನಂಬಿದ್ದೆ ಅಣ್ಣ. ನನಗೆ ದಾರಿ ಕಾಣೋದು ನಿನ್ನ ಬಾಯಿಂದ ತಾನೆ?"

ತಾಯಿ ಇನ್ನೂ ಮುಂದಿನವನಿಗೇ ಕೈ ಮುಗಿಯುತ್ತಿದ್ದಳು. ನಾನೊಬ್ಬನೇ ಅಲ್ಲ ಎನ್ನಬೇಕಿತ್ತು. ಆದರೆ ಅವನು ಚೊಂಬು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲ ನೋಡುತ್ತ ನಿಂತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನೂ ನೆಲ ನೋಡುತ್ತಿದ್ದ. ಅವರು ಪುಸ್ತಕವನ್ನು ಅವನತ್ತ ಸರಿಸಿ ಹೇಳಿದರು:

"ಎಲ್ಲಿ, ಹಿಂದಿನವನ ಮೊಣಕಾಲು ನೆಲಕ್ಕೆ ತಾಗದ ಹಾಗೆ ಇನ್ನೊಮ್ಮೆ ಓದು."