ಅಂಬುಜಾ ಕಟ್ಟಿಸಿದ ಪರದೆ

ಯುದ್ಧ ಮುಗಿದ ಮರುವರ್ಷ ಕಾಲೇಜಿನ ಚರ್ಚಾಕೂಟಕ್ಕೆ ಅಂಬುಜಾ ಕಾರ್ಯದರ್ಶಿಯಾದಳು ನೋಡಿ, ಪ್ರಿನ್ಸಿಪಾಲ್ ಶೇಷಗಿರಿರಾಯರಿಗೆ ನಿದ್ದೆಯೇ ಹೋಯಿತು.

"ಹುಡುಗರ ಕಣ್ಣು ಒಳ್ಳೆಯದಲ್ಲಮ್ಮ. ಸಭೆಯಲ್ಲಿ ಪರದೆ ಕಟ್ಟಿಸು. ಇಲ್ಲದಿದ್ದರೆ ಹುಡುಗಿಯರು ಬರಕೂಡದು!"

"ಆಗಲಿ ಸಾರ್," ಎಂದಳು. ಗೆಳತಿಯರು ಅವಳನ್ನು ನುಂಗುವಂತೆ ನೋಡಿದರು.

ಸಭೆಯ ದಿನ ರಾಯರು ಬಂದು ನೋಡಿದರೆ, ಹುಡುಗಿಯರು ಮುಂದಿನ ಸಾಲಿನಲ್ಲಿ ಆರಾಮಾಗಿ ಕೂತಿದ್ದಾರೆ! ಯುದ್ಧಕಾಲದಲ್ಲಿ ವಿಮಾನದಾಳಿಯ ಭಯಕ್ಕೆ ದೀಪ ಹೊರಗೆ ಕಾಣದಂತೆ ಕಿಟಕಿ ಮುಚ್ಚಿದ್ದ ಕಪ್ಪು ಬಟ್ಟೆ ಈಗ ಹುಡುಗರ ಮುಂದೆ ತೂಗುತ್ತಿದೆ. ಅದರ ಹಿಂದಿನಿಂದ, "ಏನೂ ಕಾಣಿಸ್ತಿಲ್ಲ ಕಣ್ರೀ!" ಎಂದು ಬೊಬ್ಬೆ.

"ಏನಮ್ಮ ಇದು ಅನ್ಯಾಯ?" ರಾಯರು ಗುಡುಗಿದರು.

"ಯಾರ ಕಣ್ಣು ಒಳ್ಳೆಯದಲ್ಲವೋ ಅವರಿಗೇ ಪರದೆ ಸಾರ್. ತಮ್ಮ ಕುರ್ಚಿ ಯಾವ ಕಡೆ ಹಾಕಿಸಲಿ?"

ರಾಯರು ಪೇಟ ಸರಿಮಾಡಿಕೊಂಡರು, ಕೆಮ್ಮಿದರು. ಆಮೇಲೆ ಜವಾನನತ್ತ ತಿರುಗಿ, "ಏನಯ್ಯ ನೋಡ್ತಾ ನಿಂತಿದ್ದೀಯ? ಬಿಚ್ಚಯ್ಯ ಆ ಬಟ್ಟೇನ!" ಎಂದರು.