ಜರ್ನಲ್ ಕೀಳುವ ಉದ್ಘಾಟನೆ

ಏನು ಮಾಡಲಿದೆಯೋ ಅದನ್ನು ಮೊದಲೇ ಬರೆದಿಡುತ್ತದೆ. ನಡುವೆ ಸತ್ತರೂ, ಎದ್ದ ಮೇಲೆ ಅದನ್ನೇ ಓದಿ ಸರಿಮಾಡಿಕೊಳ್ಳುತ್ತದೆ. ಏನು ಹೇಳಿ? ನಿಮಗೆ ಹೊಳೆಯಲ್ಲ ಬಿಡಿ. ನಮ್ಮ ಕಾಲೇಜಿನ ಸರ್ವರ್ ಡಿಸ್ಕಿನ ಜರ್ನಲ್!

ಹುಡುಗರ ಅಂಕಗಳೆಲ್ಲ ಆ ಸರ್ವರ್‌ನಲ್ಲೇ ಇವೆ. ಊರಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಯುಪಿಎಸ್ ಕೆಟ್ಟು ಕೂತಿದೆ.

ಒಂದು ದಿನ ಪ್ರಿನ್ಸಿಪಾಲ್ ಪಂಪಣ್ಣನವರು ಸರ್ವರ್ ನೋಡಿಕೊಳ್ಳುವ ಆಪರೇಟರಮ್ಮನ ಮೇಲೆ ಗುಡುಗಿದರು. "ಏನಮ್ಮಾ, ಎಲ್ಲಾ ಎರಡೆರಡು ಸಲ ಬರೆದ್ರೆ ಸರ್ವರ್ ಓಡ್ತದಾ? ಆ ಜರ್ನಲ್ ಕಿತ್ತುಹಾಕು. ಇಲ್ಲಾ, ನಾಳೆಯಿಂದ ನೀನೇ ಬರಬೇಡ."

ಆಪರೇಟರಮ್ಮ ಲೆಕ್ಕ ಹಾಕಿದಳು. ಕಿತ್ತ ಮೇಲೆ ಕರೆಂಟು ಹೋದರೆ ಹುಡುಗರ ಅಂಕ ಹಾಳಾಗಬಹುದು. ಕೀಳದಿದ್ದರೆ ತನ್ನ ಅನ್ನ ಹೋಗುತ್ತದೆ.

ಪ್ರಿನ್ಸಿಪಾಲರಿಗೆ ಉದ್ಘಾಟನೆ ಅಂದರೆ ಪ್ರಾಣ. ಆಕೆ ಮೇನ್ ಸ್ವಿಚ್ಚಿಗೆ ಕುಂಕುಮ ಇಟ್ಟು ಅವರನ್ನು ಕರೆದಳು. "ಮೊದಲು ನಿಮ್ಮ ಪಿಎಚ್‌ಡಿ ಪ್ರಬಂಧ ಇರೋ ಡಿಸ್ಕಿಂದ ಕೀಳ್ತೀನಿ ಸಾರ್. ಪ್ರಬಂಧ ಸೇವ್ ಆಗ್ತಿರುವಾಗ ನೀವೇ ಕರೆಂಟು ಆರಿಸಿ ನೋಡಿ. ಹಿರಿಯರ ಕೈಯಿಂದಲೇ ಶುಭಾರಂಭ!"

ಸಾಹೇಬರು ಗತ್ತಿನಿಂದ ಸ್ವಿಚ್ಚಿನ ಮೇಲೆ ಕೈ ಇಟ್ಟರು. ಆರಿಸುವ ಮೊದಲು ತಿರುಗಿ ಕೇಳಿದರು.

"ಪ್ರಬಂಧ ಉಳೀತದೇನಮ್ಮಾ?"

"ಉಳಿದರೂ ಉಳೀಬಹುದು ಸಾರ್, ಹುಡುಗರ ಅಂಕದ ಹಾಗೇ. ಜರ್ನಲ್ ಕೀಳಲಾ?"

ಅಷ್ಟರಲ್ಲಿ ಟ್ಯೂಬ್‌ಲೈಟ್ ಮಿಣುಕಿತು.

"ಅಯ್ಯೋ ಬೇಡ! ಎಲ್ಲಾ ಡಿಸ್ಕಿನಲ್ಲೂ ಜರ್ನಲ್ ಇರಲಿ!" ಸಾಹೇಬರು ಚೀರಿದರು. ಆಮೇಲೆ "ತಪ್ಪಾಯ್ತು ತಾಯಿ" ಅಂತ ಕೈಮುಗಿದರು.

ಈ ಕೈಮುಗಿದದ್ದು ಮಾತ್ರ ನಾನೇ ಕಟ್ಟಿದ ಕೊನೆ. ನಿಜಕ್ಕೂ ಅವರು "ಈಗ ರಾಹುಕಾಲ" ಅಂತ ಗೊಣಗಿ ಹೊರಟುಹೋದರು. ತಪ್ಪಾಯ್ತು ಅನ್ನೋ ಪ್ರಿನ್ಸಿಪಾಲರು ಒಗಟಿನಲ್ಲೂ ಸಿಗಲ್ಲ.