ತಿಪ್ಪೇಶಿ ನರಿಯ ಚೊಕ್ಕ ಇಂಗ್ಲಿಷ್

ಒಂದು ಕಾಡಿನಲ್ಲಿ ಒಂದು ಹೈಸ್ಕೂಲಿತ್ತು. ನಗಬೇಡಿ ಮಕ್ಕಳೇ. ಕಾಡಿನಲ್ಲಿ ಎಂಥ ಹೈಸ್ಕೂಲು ಎನ್ನುವವರು ಹೋಗಿ ನೋಡಿ ಬರಲಿ. ದಾರಿ ಮಾತ್ರ ನನಗೊಬ್ಬನಿಗೇ ಗೊತ್ತು, ನಾನು ಹೇಳುವುದಿಲ್ಲ.

ಆ ಕಾಡಿನ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಬರುತ್ತಿದ್ದವು. ಒಂದೊಂದೂ ಹತ್ತಿ ತುಂಬಿದ ದಿಂಬಿನ ಹಾಗೆ. ಅವಕ್ಕೆ ಕನ್ನಡ ಬರದು, ಕಾಡಿನವರಿಗೆ ಅವುಗಳ ಮಾತು ಬರದು. ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ಅದಕ್ಕೇ ಕಾಡಿನ ಯಜಮಾನರಾದ ಹುಲಿಯಪ್ಪನವರು ಡಂಗುರ ಹೊಡೆಸಿದರು: "ಹತ್ತನೇ ಕ್ಲಾಸಿನಲ್ಲಿ ಯಾರು ಇಂಗ್ಲಿಷ್ ಚೆನ್ನಾಗಿ ಕಲಿಯುತ್ತಾರೋ ಅವರಿಗೆ ಈ ಸಲದ ಕೆರೆ ಕಾವಲು. ಅತಿಥಿಗಳನ್ನು ಬರಮಾಡಿಕೊಳ್ಳುವುದು, ನೋಡಿಕೊಳ್ಳುವುದು, ಎಲ್ಲ ಅವರದೇ."

ಇದನ್ನು ಕೇಳಿದ್ದೇ ತಿಪ್ಪೇಶಿ ಎಂಬ ನರಿಯ ಬಾಯಲ್ಲಿ ನೀರೂರಿತು. ಕಾವಲುಗಾರನನ್ನು ಕಾಯುವವರು ಯಾರಿದ್ದಾರೆ? ದಿನಕ್ಕೊಂದು ಹೆಬ್ಬಾತು! ಹೇಗಾದರೂ ಮಾಡಿ ಆ ಕೆಲಸ ಹೊಡೆಯಬೇಕು ಎಂದು ಅವನು ಪಣ ತೊಟ್ಟ.

ಇಂಗ್ಲಿಷ್ ಕಲಿಯಲು ಕ್ಲಾಸಿನಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಕರಡಿ ವ್ಯಾಕರಣದ ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡಿತು. ನಿದ್ದೆಯಲ್ಲಿ ವಿದ್ಯೆ ತಾನಾಗಿ ತಲೆಗೆ ಇಳಿಯಲಿ ಎಂದು. ಇಳಿದದ್ದು ಕತ್ತುನೋವು. ಮೊಲ ಪ್ರತಿ ಇಂಗ್ಲಿಷ್ ಪದದ ನೆತ್ತಿಯ ಮೇಲೂ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಆಮೇಲೆ ಕೆಳಗಿನ ಸಾಲು ನೋಡುವುದನ್ನೇ ಬಿಟ್ಟಿತು.

ಕಾಡುಹಂದಿ ಸಿದ್ಲಿಂಗಿಗೆ ಮಾತ್ರ ನಾಚಿಕೆ ಎಂಬುದೇ ಇರಲಿಲ್ಲ. ಸಿಕ್ಕಸಿಕ್ಕವರ ಜೊತೆ ಇಂಗ್ಲಿಷ್ ಆಡುತ್ತಿದ್ದಳು. ಯಾರೂ ಸಿಗದಿದ್ದರೆ ಕಪ್ಪೆಯ ಜೊತೆ, ಹುಣಸೆಮರದ ಜೊತೆ. ಎಲ್ಲ ತಪ್ಪೋ ತಪ್ಪು! ಪದ ಸಿಗದಿದ್ದರೆ ಮೂತಿ, ಕಾಲು, ಬಾಲ ಎಲ್ಲ ಆಡಿಸಿ ತಿಳಿಸುತ್ತಿದ್ದಳು. "ಮೇಷ್ಟ್ರೇ, ಹಾಗಂದ್ರೇನು? ಹೀಗಂದ್ರೇನು?" ಎಂದು ಕೊಕ್ಕರೆ ಮೇಷ್ಟರ ಜೀವ ಹಿಂಡುತ್ತಿದ್ದಳು.

"ಏನೇ ಸಿದ್ಲಿಂಗಿ, ನಿನ್ನ ಇಂಗ್ಲಿಷಿಗೂ ಕೆಸರು ಮೆತ್ಕೊಂಡಿದೆಯಲ್ಲೇ! ತೊಳ್ಕೊಂಡು ಬಾರೇ!" ಎಂದು ತಿಪ್ಪೇಶಿ ಅಣಕಿಸುತ್ತಿದ್ದ.

"ನಿನಗೆ ಅರ್ಥ ಆಯ್ತೇನೋ?"

"ಅರ್ಥ ಕಟ್ಕೊಂಡು ಏನಾಗ್ಬೇಕೇ? ಸ್ಟೈಲು ಬೇಕು, ಸ್ಟೈಲು!"

ತಿಪ್ಪೇಶಿಯ ಉಪಾಯ ಬೇರೆ. ಮೇಷ್ಟ್ರು ಒಂದು ವಾಕ್ಯ ಹೇಳುವುದು, ಇಡೀ ಕ್ಲಾಸು ಅದನ್ನೇ ಕೂಗಿ ಹೇಳುವುದು, ಇದು ಆ ಶಾಲೆಯ ಪದ್ಧತಿ. ಒಬ್ಬ ಊಳಿಟ್ಟರೆ ಊರೆಲ್ಲ ಊಳಿಡುವ ಕುಲದವನಿಗೆ ಇದೇನು ಕಷ್ಟ? ಕೇಳಿದ್ದನ್ನು ಕೇಳಿದ ಹಾಗೇ ವಾಪಸು ಕೊಡುತ್ತಿದ್ದ. ಉಚ್ಚಾರವೆಂದರೆ ಉಚ್ಚಾರ! ಲಂಡನ್ನಿನ ನರಿಗಳೂ ತಲೆ ತಗ್ಗಿಸಬೇಕು. ಅದರ ಅರ್ಥ ಏನೆಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

ಪರೀಕ್ಷೆಗೆ ಹುಲಿಯಪ್ಪನವರೇ ಬಂದರು. ಅವರಿಗೂ ಇಂಗ್ಲಿಷ್ ಬಾರದು. ಆದರೆ ಅದನ್ನು ಹುಲಿಗೆ ಹೇಳುವವರು ಯಾರು? ಮೇಷ್ಟ್ರು ಹೇಳಿಕೊಟ್ಟರು, ತಿಪ್ಪೇಶಿ ಮೂಗು ಮೇಲೆತ್ತಿ ತಿರುಗಿ ಹೇಳಿದ. "ಭಲೇ! ಒಂದಕ್ಷರ ನನಗೆ ತಿಳೀಲಿಲ್ಲ. ಇದೇ ನಿಜವಾದ ಇಂಗ್ಲಿಷ್!" ಎಂದು ಹುಲಿಯಪ್ಪನವರು ಕೆರೆ ಕಾವಲನ್ನು ಅವನಿಗೇ ಕೊಟ್ಟರು.

ಹೆಬ್ಬಾತುಗಳು ಬಂದಿಳಿದವು. ತಿಪ್ಪೇಶಿ ಕಿವಿ ಕಾಣದಂತೆ ತಾವರೆ ಎಲೆಯ ಪೇಟ ಸುತ್ತಿಕೊಂಡ. "ಎಲ್ಲರೂ ದೂರ ನಿಲ್ಲಿ, ಅತಿಥಿಗಳು ಬೆದರುತ್ತಾರೆ" ಎಂದು ಹುಲಿ, ಮೇಷ್ಟ್ರು, ಮಕ್ಕಳನ್ನೆಲ್ಲ ಪೊದೆಗಳ ಹಿಂದೆ ಅಟ್ಟಿ ಒಬ್ಬನೇ ನೀರಿನಂಚಿಗೆ ಹೋದ.

ಹಿಂಡಿನ ಒಡತಿಯಾದ ಹಿರಿಯ ಹೆಬ್ಬಾತು ಅನುಮಾನದಿಂದ ನೋಡಿದಳು. "ವಿ ಆರ್ ಫ್ರೆಂಡ್ಸ್" ಎಂದಳು.

"ವಿ ಆರ್ ಫ್ರೆಂಡ್ಸ್!" ಎಂದ ತಿಪ್ಪೇಶಿ.

"ವಿ ಈಟ್ ಓನ್ಲಿ ಗ್ರಾಸ್."

"ವಿ ಈಟ್ ಓನ್ಲಿ ಗ್ರಾಸ್!"

ಪಾಪ, ಹುಲ್ಲು ತಿನ್ನುವ ಜೀವ ಎಂದು ಹೆಬ್ಬಾತುಗಳೆಲ್ಲ ನಂಬಿದವು. ತಿಪ್ಪೇಶಿ ಎಲ್ಲರಿಗಿಂತ ದಪ್ಪನೆಯದನ್ನು ಕಣ್ಣಲ್ಲೇ ತೂಗಿ ನೋಡಿದ. ಅದರ ಹತ್ತಿರ ಹೋಗಲು ನೀರಿನಲ್ಲಿ ಒಂದು ಕರಿಬಂಡೆ ಕಂಡಿತು. ಕಾಲು ಎತ್ತಿದ. ಒಡತಿಗೆ ಗಾಬರಿಯಾಯಿತು.

"ಸ್ಟಾಪ್! ದಟ್ ಈಸ್ ನಾಟ್ ಎ ಸ್ಟೋನ್! ದಟ್ ಈಸ್ ಎ ಕ್ರಾಕೊಡೈಲ್!"

ತಿಪ್ಪೇಶಿ ಎದೆಯುಬ್ಬಿಸಿ, ಅವಳಿಗಿಂತ ಚೆಂದವಾಗಿ ಕೂಗಿದ: "ಸ್ಟಾಪ್! ದಟ್ ಈಸ್ ನಾಟ್ ಎ ಸ್ಟೋನ್! ದಟ್ ಈಸ್ ಎ ಕ್ರಾಕೊಡೈಲ್!"

ಕೂಗಿ, ಅದರ ಮೇಲೇ ಕಾಲಿಟ್ಟ.

ಪೊದೆಯ ಹಿಂದಿದ್ದ ಸಿದ್ಲಿಂಗಿಗೆ ಅವನ ಕೂಗು ಕೇಳಿಸಿತು, ಅರ್ಥವೂ ಆಯಿತು. 'ಅವನೇ ಮೊಸಳೆ ಅಂತ ಕೂಗ್ತಿದಾನಲ್ಲ, ಅವನಿಗೆ ಗೊತ್ತಿರಬೇಕು' ಎಂದು ಸುಮ್ಮನಾದಳು. ಮೊಸಳೆ ಸುಮ್ಮನಾಗಲಿಲ್ಲ. ತಿರುಗಿ ತಿಪ್ಪೇಶಿಯ ಬಾಲ ಕಚ್ಚಿ ಎಳೆಯಿತು.

"ಅಯ್ಯಯ್ಯೋ, ಸತ್ತೆ ಕಣ್ರಪ್ಪೋ!" ತಿಪ್ಪೇಶಿಯ ಬಾಯಿಂದ ಅಚ್ಚಕನ್ನಡ ಹೊರಟಿತು. ಮೊಸಳೆ ಎಂದು ಹೇಳಿಯೇ ಹತ್ತಿದವನು ಇದೇನೋ ಆಟ ತೋರಿಸುತ್ತಿದ್ದಾನೆ ಎಂದುಕೊಂಡು ಹೆಬ್ಬಾತುಗಳು ರೆಕ್ಕೆ ಬಡಿದು ಮೆಚ್ಚಿದವು.

ಸಿದ್ಲಿಂಗಿ ಪೊದೆ ಸೀಳಿಕೊಂಡು ಓಡಿ ಬಂದಳು. "ಹೆಲ್ಪ್! ನೋ ಪ್ಲೇ! ಹೀ ಗೋಯಿಂಗ್ ಕ್ರಾಕೊಡೈಲ್ ಸ್ಟಮಕ್!" ಎಂದು ಕೂಗಿ, ತನ್ನ ಹೊಟ್ಟೆ ಬಡಿದು ತೋರಿಸಿದಳು.

ಹೆಬ್ಬಾತುಗಳಿಗೆ ತಕ್ಷಣ ತಿಳಿಯಿತು. ಹಿಂಡೆಲ್ಲ ಹಾರಿ ಮೊಸಳೆಯ ಕಣ್ಣಿಗೇ ಎರಗಿತು. ತಿಪ್ಪೇಶಿ ಅರ್ಧ ಬಾಲ ಅಲ್ಲೇ ಬಿಟ್ಟು ದಡಕ್ಕೆ ಬಿದ್ದ. ಪೇಟ ನೀರುಪಾಲಾಗಿತ್ತು. ಕಿವಿ ಕಂಡಿತು, ಕೋರೆಹಲ್ಲೂ ಕಂಡಿತು. ಅಷ್ಟರಲ್ಲಿ ಹುಲಿಯಪ್ಪನವರೂ ಬಂದರು.

ಒಡತಿ ಕಿರುಚಿದಳು: "ದಿಸ್ ಈಸ್ ಎ ಫಾಕ್ಸ್! ಹೀ ಕೇಮ್ ಟು ಈಟ್ ಅಸ್!"

ತಿಪ್ಪೇಶಿಗೆ ಅಭ್ಯಾಸಬಲ. ನರಳುತ್ತಲೇ, ಸ್ಪಷ್ಟವಾಗಿ ಹೇಳಿದ: "ದಿಸ್ ಈಸ್ ಎ ಫಾಕ್ಸ್! ಹೀ ಕೇಮ್ ಟು ಈಟ್ ಅಸ್!"

"ಏನಂತೆ ಸಿದ್ಲಿಂಗಿ?" ಎಂದು ಕೇಳಿದರು ಹುಲಿಯಪ್ಪನವರು.

"ಇವನು ನರಿ, ನಮ್ಮನ್ನ ತಿನ್ನೋಕೆ ಬಂದಿದ್ದ ಅಂತ ಬಾತಮ್ಮ ಹೇಳ್ತಿದಾಳೆ ಬುದ್ಧಿ. ತಿಪ್ಪೇಶೀನೂ ಅದನ್ನೇ ಹೇಳ್ತಿದಾನೆ."

"ಹಾಗೋ! ಇವತ್ತಿಂದ ಕೆರೆ ಕಾವಲು ನಿನ್ನದಮ್ಮ" ಎಂದರು ಹುಲಿಯಪ್ಪನವರು. ಆಮೇಲೆ ತಿಪ್ಪೇಶಿಯ ಕಡೆ ತಿರುಗಿ ಒಮ್ಮೆ ಘರ್ಜಿಸಿದರು.

ತಿಪ್ಪೇಶಿ ಅದೊಂದನ್ನು ಮಾತ್ರ ತಿರುಗಿ ಹೇಳಲಿಲ್ಲ. ಅರ್ಥವಾಗಿತ್ತು, ಓಡಿದ.

ನೀತಿ: ತಪ್ಪುತಪ್ಪಾಗಿಯಾದರೂ ತಿಳಿದು ಆಡಿದ ಮಾತು ಜೀವ ಉಳಿಸುತ್ತದೆ, ಅರ್ಥ ತಿಳಿಯದ ಮಾತು ಎಷ್ಟೇ ಚೊಕ್ಕವಾಗಿದ್ದರೂ ಆಡಿದವನನ್ನೇ ಮುಳುಗಿಸುತ್ತದೆ.